ಕುಡಿತ ಬಿಟ್ಟವರ ಸಭೆಗೆ ದಾರಿ ಯಾವುದು?



ಕುಡಿತದ ಕೆಡುಕನ್ನು ವಿವರಿಸಲು ನಾನು ಇಲ್ಲಿ ನಿಂತಿಲ್ಲ. ಅದು ನಿಮಗೆಲ್ಲ ಗೊತ್ತಿರುವುದೇ. ಕೆಲವರಿಗೆ ಮನೆಯೊಳಗಿಂದಲೇ ಗೊತ್ತಿದೆ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಇದ್ದಷ್ಟು ಕಾಲವೂ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡು ಬಂದಿದ್ದೇನೆ. ಹತ್ತು ದಿನ ವಾರ್ಡಿನಲ್ಲಿದ್ದು ಕೈನಡುಕ ನಿಂತು, ಹಸಿವು ಮರಳಿ, ನಿದ್ದೆ ಕೂಡಿಬಂದ ಮನುಷ್ಯ ಡಿಸ್ಚಾರ್ಜ್ ಚೀಟಿ ಹಿಡಿದು ನಿಂತಿರುತ್ತಾನೆ. ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ಇರುತ್ತಾಳೆ. ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿ ಮುಗಿಸಿದ ಮೇಲೆ, ಸ್ವಲ್ಪ ತಡೆದು, ಆ ಹೆಂಗಸು ಕೇಳುತ್ತಾಳೆ: ‘ಇನ್ನು ಮುಂದೆ ಎಲ್ಲಿಗೆ ಕರಕೊಂಡು ಹೋಗ್ಲಿ ಮೇಡಂ?’

ವೈದ್ಯರು ತಮ್ಮ ಕೆಲಸ ಮುಗಿಸಿದ್ದಾರೆ. ದೇಹದಿಂದ ಮದ್ಯ ಇಳಿದಿದೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಬಾರು, ಎರಡು ವೈನ್ ಶಾಪು, ಒಂದು ಎಂಎಸ್‌ಐಎಲ್ ಮದ್ಯದ ಮಳಿಗೆ ಇವೆ. ಅವುಗಳ ಬೋರ್ಡುಗಳು ರಾತ್ರಿಯೂ ಬೆಳಗುತ್ತವೆ. ಕುಡಿತ ಬಿಟ್ಟವರು ಕೂಡುವ ಜಾಗ ಅದೇ ಊರಿನಲ್ಲಿ ಇರಬಹುದು, ಅದೇ ಬೀದಿಯಲ್ಲೂ ಇರಬಹುದು. ಆದರೆ ಅದರ ವಿಳಾಸ ಆ ಹೆಂಗಸಿಗೆ ಹೇಳಬಲ್ಲವರು ಇಡೀ ಊರಿನಲ್ಲಿ ಬೆರಳೆಣಿಕೆಯಷ್ಟು ಜನ. ಚಿಕಿತ್ಸೆಯ ಕೊಠಡಿಯಿಂದ ಸಭೆಯ ಕುರ್ಚಿಯವರೆಗಿನ ಈ ಅಂತರದಲ್ಲೇ ನಾವು ಹೆಚ್ಚು ಜನರನ್ನು ಕಳೆದುಕೊಳ್ಳುತ್ತಿದ್ದೇವೆ. ಇದನ್ನು ಕಡಿಮೆ ಮಾಡುವುದು ಊರಿನ ಕೆಲಸ, ನಮ್ಮೆಲ್ಲರ ಕೆಲಸ ಎಂಬುದೇ ಇವತ್ತು ನಾನು ಹೇಳಬೇಕೆಂದಿರುವುದು.

ಅಂತರ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ನೆರವು ಬೇಕು ಎಂದು ಅದು ಹೇಳಿತು. ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ಉಳಿದವರು ತಾವಾಗಿಯೇ ಬಿಡಲು ನೋಡುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಅವರಿಗೆ ಹಾಸಿಗೆ ಹೊಂದಿಸಲು ಯಾವ ಸರ್ಕಾರದ ಕೈಯಲ್ಲೂ ಆಗದು. ಸಂಜೆ ಒಂದು ಗಂಟೆ ಕೂರಲು ಕುರ್ಚಿ ಹೊಂದಿಸುವುದು ಪ್ರತಿ ಊರಿನ ಕೈಯಲ್ಲಿದೆ.

ಇಂಥ ಸಭೆಗಳ ಚರಿತ್ರೆಯೇ ಒಂದು ಹುಡುಕಾಟದಿಂದ ಶುರುವಾಯಿತು. 1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವರು ಅತ್ತಿತ್ತ ಓಡಾಡುತ್ತಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಮುರಿದುಬಿದ್ದಿತ್ತು, ಜೇಬು ಬರಿದಾಗಿತ್ತು, ಊರಿನಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಮೊಗಸಾಲೆಯ ಒಂದು ಬದಿಗೆ ಬಾರ್. ಅಲ್ಲಿಂದ ಗ್ಲಾಸು, ನಗು, ಮಾತಿನ ಸದ್ದು ಬರುತ್ತಿತ್ತು. ಇನ್ನೊಂದು ಬದಿಗೆ ಟೆಲಿಫೋನು, ಅದರ ಪಕ್ಕ ಊರಿನ ಚರ್ಚುಗಳ ಪಟ್ಟಿ. ಅವರು ಪಟ್ಟಿಯ ಕಡೆಗೆ ಹೋಗಿ ಪಾದ್ರಿಯೊಬ್ಬರಿಗೆ ಫೋನು ಮಾಡಿದರು. ನನಗೆ ಇನ್ನೊಬ್ಬ ಕುಡಿತದ ರೋಗಿಯ ಜೊತೆ ಮಾತನಾಡಬೇಕು, ಯಾರಾದರೂ ಗೊತ್ತೇ ಎಂದು ಕೇಳಿದರು. ಪಾದ್ರಿ ಕೊಟ್ಟ ಹೆಸರುಗಳ ಮೂಲಕ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕರು. ಅವರಿಗೆ ಪರಿಚಯವಿದ್ದ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರು ವರ್ಷಗಳಿಂದ ಕುಡಿತದಲ್ಲಿ ಮುಳುಗಿದ್ದರು. ಮರುದಿನ ಸಂಜೆ ಐದು ಗಂಟೆಗೆ ಡಾ. ಬಾಬ್ ಬಿಲ್ ಅವರನ್ನು ಕಾಣಲು ಬಂದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಮೊದಲೇ ಷರತ್ತು ಹಾಕಿದ್ದವರು ರಾತ್ರಿ ಹನ್ನೊಂದು ದಾಟುವವರೆಗೂ ಏಳಲಿಲ್ಲ. ಅದೇ ವರ್ಷದ ಜೂನ್ 10ರಂದು ಡಾ. ಬಾಬ್ ಕೊನೆಯ ಸಲ ಕುಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವೆಲ್ಲ ಎ.ಎ. ಎಂದು ಕರೆಯುವ ಸಂಘ, ಆ ದಿನವನ್ನೇ ತನ್ನ ಹುಟ್ಟುದಿನವೆಂದು ಎಣಿಸುತ್ತದೆ.

ಈ ಘಟನೆಯಲ್ಲಿ ಒಂದು ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ಬಿಲ್ ಅವರು ಫೋನು ಮಾಡಿದ್ದು ಇನ್ನೊಬ್ಬರನ್ನು ಉದ್ಧರಿಸಲು ಅಲ್ಲ. ತಾವು ಆ ಸಂಜೆ ಬಾರಿನೊಳಗೆ ಹೋಗದಂತೆ ಉಳಿಯಲು ಅವರಿಗೆ ಇನ್ನೊಬ್ಬರು ಬೇಕಿತ್ತು. ಸಭೆಗೆ ಹೊಸದಾಗಿ ಬರುವವನು ಹಳಬರಿಗೆ ಹೊರೆಯಲ್ಲ. ಅವನು ಬಂದದ್ದರಿಂದ ಹಳಬರು ಆ ದಿನ ಗಟ್ಟಿಯಾಗುತ್ತಾರೆ. ಸಂಕೋಚದಿಂದ ಬಾಗಿಲಲ್ಲೇ ನಿಲ್ಲುವವರಿಗೆ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ: ನೀವು ಒಳಗೆ ಹೋದರೆ ಅವರಿಗೂ ಉಪಕಾರವೇ.

ಮುಂದೆ ಆರು ವರ್ಷ ಆ ಗುಂಪು ನಿಧಾನವಾಗಿ ಬೆಳೆಯಿತು. 1941ರ ಮಾರ್ಚ್ 1ರಂದು ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಜಾಕ್ ಅಲೆಕ್ಸಾಂಡರ್ ಎಂಬ ವರದಿಗಾರರು ಅದರ ಬಗ್ಗೆ ದೀರ್ಘ ಲೇಖನ ಬರೆದರು. ನ್ಯೂಯಾರ್ಕಿನ ಸಣ್ಣ ಕಚೇರಿಗೆ ಕಾಗದಗಳ ಮೇಲೆ ಕಾಗದ ಬಂದವು. ಎಲ್ಲದರಲ್ಲೂ ಇದ್ದದ್ದು ನಮ್ಮ ಆಸ್ಪತ್ರೆಯ ಹೆಂಗಸಿನ ಪ್ರಶ್ನೆಯೇ: ನಮ್ಮೂರಿನ ಹತ್ತಿರ ಎಲ್ಲಿದೆ? ಸುಮಾರು 2,000 ಇದ್ದ ಸದಸ್ಯರ ಸಂಖ್ಯೆ ಆ ವರ್ಷದ ಕೊನೆಗೆ 8,000ಕ್ಕೆ ಏರಿತು. ಔಷಧಿ ಬದಲಾಗಿರಲಿಲ್ಲ, ವಿಧಾನ ಬದಲಾಗಿರಲಿಲ್ಲ. ಎಲ್ಲಿ ಸಿಗುತ್ತಾರೆ ಎಂಬುದು ಜನಕ್ಕೆ ತಿಳಿಯಿತು, ಅಷ್ಟೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಎ.ಎ. ಗುಟ್ಟಿನ ಸಂಘ, ಅದರ ಸಭೆಯ ಜಾಗ ಹೇಳಬಾರದು ಎಂದು ಅನೇಕರು, ಕೆಲವು ಆಸ್ಪತ್ರೆಗಳವರು ಕೂಡ, ನಂಬಿದ್ದಾರೆ. 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ ಗುಟ್ಟಾಗಿಡಬೇಕಾದದ್ದು ವ್ಯಕ್ತಿಯ ಹೆಸರು ಮಾತ್ರ. ಪತ್ರಿಕೆ, ರೇಡಿಯೊ, ಸಿನಿಮಾಗಳ ಮುಂದೆ ಸದಸ್ಯರು ತಮ್ಮ ಗುರುತು ಹೇಳಿಕೊಳ್ಳುವುದಿಲ್ಲ. ಸಭೆ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಎಂಬುದನ್ನು ಅವರು ಯಾರಿಗೂ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಹೊಸಬರು ಬರುವುದಾದರೂ ಹೇಗೆ? ಹೆಸರು ಗುಟ್ಟು, ವಿಳಾಸ ಗುಟ್ಟಲ್ಲ. ನಾವು ಎರಡನ್ನೂ ಗುಟ್ಟು ಮಾಡಿಬಿಟ್ಟಿದ್ದೇವೆ.

ಭಾರತದಲ್ಲಿ ಎ.ಎ. ಸಭೆ 1957ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಇವತ್ತು ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಚರ್ಚಿನ ಸಭಾಭವನ, ಶಾಲೆಯ ಕೊಠಡಿ, ಆಸ್ಪತ್ರೆಯ ಒಂದು ಮೂಲೆ ಹೀಗೆ ಎಲ್ಲೆಲ್ಲೋ ಕೂಡುತ್ತಾರೆ. ಇಂಗ್ಲಿಷಿನಲ್ಲಿ ನಡೆಯುವ ಗುಂಪು ಇದೆ, ಕನ್ನಡದಲ್ಲಿ ನಡೆಯುವುದೂ ಇದೆ. ಕನ್ನಡದವನು ಇಂಗ್ಲಿಷ್ ಸಭೆಗೆ ಹೋಗಿ ಒಂದು ಗಂಟೆ ಮೂಕನಾಗಿ ಕೂತು ಬಂದು, ‘ಅದು ನಮ್ಮಂಥೋರಿಗಲ್ಲ’ ಎಂದು ಕೈಬಿಡುವುದನ್ನು ನೋಡಿದ್ದೇನೆ. ಅದಕ್ಕೇ ಸಭೆ ಎಲ್ಲಿದೆ ಎಂದು ವಿಚಾರಿಸುವಾಗ ಯಾವ ಭಾಷೆಯಲ್ಲಿ ಎಂದೂ ಕೇಳಬೇಕು. ‘ಓಪನ್’ ಸಭೆಯೋ ‘ಕ್ಲೋಸ್ಡ್’ ಸಭೆಯೋ ಎಂದೂ ಕೇಳಬೇಕು. ಮೊದಲನೆಯದಕ್ಕೆ ಮನೆಯವರು, ವೈದ್ಯರು, ವಿದ್ಯಾರ್ಥಿಗಳು ಯಾರು ಬೇಕಾದರೂ ಹೋಗಿ ಕೂರಬಹುದು. ಎರಡನೆಯದು ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಸಭೆ ಮುಗಿಯುವ ಹೊತ್ತಿಗೆ ಊರಿಗೆ ಕೊನೆಯ ಬಸ್ಸು ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಇದು ಸಣ್ಣ ಮಾತಲ್ಲ. ಬಸ್ಸು ತಪ್ಪಿ ರಾತ್ರಿ ಪೇಟೆಯಲ್ಲಿ ಉಳಿದವನಿಗೆ ತೆರೆದಿರುವ ಬಾಗಿಲು ಬಾರಿನದ್ದೇ ಆಗಿರುತ್ತದೆ.

ನಮ್ಮ ಹಳ್ಳಿಗಳಿಗೆ ಹತ್ತಿರವಾಗಿ ಬಂದದ್ದು ಇನ್ನೊಂದು ದಾರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವು ಬಲ್ಲಿರಿ. ರಾಜ್ಯದಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ಆಗಿವೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ವಾರದ ಮಟ್ಟಿಗೆ ಎಲ್ಲರೂ ಒಟ್ಟಿಗೆ ಇರುತ್ತಾರೆ. ವೈದ್ಯರ ತಪಾಸಣೆ, ಯೋಗ, ಭಜನೆ, ಆಪ್ತಸಲಹೆ ಇರುತ್ತವೆ. ಮನೆಯವರನ್ನು ಕರೆಸಿ ಎದುರುಬದುರು ಕೂರಿಸಿ ಮಾತನಾಡಿಸುವ ಒಂದು ದಿನವೂ ಇರುತ್ತದೆ. ಆ ದಿನ ನೀವು ಅಲ್ಲಿ ಹೋಗಿ ನಿಲ್ಲಬೇಕು. ಅಪ್ಪನ ಮುಂದೆ ಮಗಳು ನಿಂತು ಏನೂ ಹೇಳದೆ ಅಳುವುದನ್ನು ಕಂಡರೆ ಈ ರೋಗ ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯುತ್ತದೆ. ಆದರೆ ನನಗೆ ಶಿಬಿರಕ್ಕಿಂತ ದೊಡ್ಡದಾಗಿ ಕಾಣುವುದು ಶಿಬಿರ ಮುಗಿದ ಮೇಲೆ ಉಳಿಯುವ ನವಜೀವನ ಸಮಿತಿ. ಶಿಬಿರದಲ್ಲಿ ಒಟ್ಟಿಗಿದ್ದವರೇ ಆಮೇಲೂ ಸೇರುತ್ತಾರೆ, ಬಾರದವನ ಮನೆಗೆ ಇಬ್ಬರು ಹೋಗಿ ನೋಡುತ್ತಾರೆ. ಸಮಿತಿ ನಡೆಯುತ್ತಿರುವ ಊರಿನಲ್ಲಿ ಶಿಬಿರದ ಫಲ ಉಳಿಯುತ್ತದೆ. ಸಮಿತಿ ಸೊರಗಿದ ಊರಿನಲ್ಲಿ ಮುಂದಿನ ಶಿಬಿರಕ್ಕೆ ಅವೇ ಮುಖಗಳು ಬರುತ್ತವೆ.

ಸಂಗ ಎಷ್ಟು ಮುಖ್ಯ ಎಂಬುದನ್ನು ತಿಳಿಯಲು ನಮಗೆ ಅಮೆರಿಕದ ಚರಿತ್ರೆಯೂ ಬೇಕಿಲ್ಲ. ಪ್ರತಿ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ನಮ್ಮ ಬೀದಿಗಳಲ್ಲಿ ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳು ಕಾಣುತ್ತಾರೆ. ಅವರಲ್ಲಿ ವರ್ಷವಿಡೀ ಕುಡಿಯುವವರೂ ಇರುತ್ತಾರೆ. ಮಂಡಲ ವ್ರತದ 41 ದಿನ ಅವರು ಒಂದು ತೊಟ್ಟೂ ಮುಟ್ಟುವುದಿಲ್ಲ. ಇದನ್ನು ದೇವರ ಭಯ ಎಂದು ಮಾತ್ರ ಹೇಳಿ ಮುಗಿಸುವುದು ಸರಿಯಲ್ಲ. ಬೆಳಿಗ್ಗೆ ಚಳಿಯಲ್ಲಿ ಜೊತೆಗೆ ಸ್ನಾನ, ಸಂಜೆ ಜೊತೆಗೆ ಭಜನೆ, ಒಂದೇ ಸಾಲಿನಲ್ಲಿ ಊಟ. ನಿನ್ನೆಯವರೆಗೆ ‘ಲೋ ಕುಡುಕ’ ಎನ್ನುತ್ತಿದ್ದ ಊರು ಇವತ್ತು ‘ಸ್ವಾಮಿ’ ಎಂದು ಕರೆಯುತ್ತದೆ. ಗುರುಸ್ವಾಮಿ ಎಂಬ ಹಿರಿಯ ಕೈ ಹಿಡಿದು ನಡೆಸುತ್ತಾನೆ. ಎ.ಎ. ಸದಸ್ಯರು ಸ್ಪಾನ್ಸರ್ ಎನ್ನುವ ಹಿರಿಯ ಮಾಡುವ ಕೆಲಸವೂ ಬಹುಪಾಲು ಇದೇ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಗುಂಪು ಚದುರುತ್ತದೆ, ಮರ್ಯಾದೆಯ ಹೆಸರೂ ಹೋಗುತ್ತದೆ. ವಾರದೊಳಗೆ ಅವನು ಬಾರಿನಲ್ಲಿರುತ್ತಾನೆ. ಅವನ ಮನಸ್ಸು ಗಟ್ಟಿಯಿರಲಿಲ್ಲ ಎಂದು ನಾವು ತೀರ್ಪು ಕೊಡುತ್ತೇವೆ. 41 ದಿನ ಮುಟ್ಟದವನ ಮನಸ್ಸನ್ನು ಗಟ್ಟಿಯಿಲ್ಲ ಎನ್ನಲು ನಮಗೆ ಯಾವ ಹಕ್ಕಿದೆ? ಅವನಿಗೆ 42ನೆಯ ದಿನಕ್ಕೆ ಹೋಗಿ ಕೂರಲು ಜಾಗ ಇರಲಿಲ್ಲ.

ಹಾಗಾದರೆ ಹುಡುಕುವುದು ಎಲ್ಲಿಂದ? ಫೋನಿನಿಂದ ಶುರುಮಾಡಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ-ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತನಾಡಬಹುದು. ಎರಡಕ್ಕೂ ದುಡ್ಡಿಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ, ಅವರನ್ನು ಕೇಳಿ. ಊರಿನ ಆಶಾ ಕಾರ್ಯಕರ್ತೆಯನ್ನು, ಗ್ರಾಮಾಭಿವೃದ್ಧಿ ಯೋಜನೆಯ ಸೇವಾಪ್ರತಿನಿಧಿಯನ್ನು, ಹತ್ತಿರದ ಚರ್ಚಿನ ಕಚೇರಿಯನ್ನು ಕೇಳಿ. ಒಬ್ಬರಿಗೆ ಗೊತ್ತಿಲ್ಲದಿದ್ದರೆ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಕುಡಿತ ಬಿಟ್ಟು ವರ್ಷಗಳಾದ ಒಬ್ಬರು ಸಿಕ್ಕರಂತೂ ಉಳಿದ ದಾರಿ ಅವರೇ ತೋರಿಸುತ್ತಾರೆ.

ಇದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದರಲ್ಲಿ ಸಡಿಲ ಬಿಡಬಾರದು. ಬೆಳಿಗ್ಗೆ ಎದ್ದಕೂಡಲೇ ಕೈ ನಡುಗುವವನು, ನಡುಕ ನಿಲ್ಲಿಸಲೆಂದೇ ಕುಡಿಯುವವನು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವನು, ಇವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ಬಿಟ್ಟ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾಗುವಾಗ ಇಲ್ಲದ್ದನ್ನು ಕಾಣುವ, ದಿಕ್ಕು ತಪ್ಪುವ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಮುಳುವಾಗಬಹುದು. 2020ರ ಲಾಕ್‌ಡೌನಿನಲ್ಲಿ ಮೇ 4ರವರೆಗೆ ರಾಜ್ಯದ ಮದ್ಯದಂಗಡಿಗಳು ಮುಚ್ಚಿದ್ದಾಗ ಇಂಥವರು ಆಸ್ಪತ್ರೆ ಸೇರಿದ್ದನ್ನು ನಾವು ಕಂಡಿದ್ದೇವೆ. ಮೊದಲು ವೈದ್ಯರು, ಆಮೇಲೆ ಸಭೆ. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಬೆರೆಸಿ ಕುಡಿತ ಬಿಡಿಸುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಅದು ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಕೊಡಬೇಕಾದ ಔಷಧಿ. ಹಾಗೆಯೇ, ಮನೆಗೆ ವ್ಯಾನು ತಂದು ಎತ್ತಿಕೊಂಡು ಹೋಗುವ, ಕೂಡಿಹಾಕಿ ಹೊಡೆಯುವ ‘ಕೇಂದ್ರ’ಗಳಿಗೆ ಸಾಲ ಮಾಡಿ ದುಡ್ಡು ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಕುಡಿತದ ವ್ಯಸನವೂ ಬರುತ್ತದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಎ.ಎ. ಸಭೆಯೊಳಗೆ ಏನು ನಡೆಯುತ್ತದೆ ಎಂಬ ಭಯವೇ ಎಷ್ಟೋ ಜನರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುತ್ತದೆ. ಅಲ್ಲಿ ಯಾರೂ ವಿಳಾಸ ಬರೆಸಿಕೊಳ್ಳುವುದಿಲ್ಲ. ಶುಲ್ಕವಿಲ್ಲ. ಸೇರಲು ಬೇಕಾದದ್ದು ಕುಡಿತ ಬಿಡಬೇಕೆಂಬ ಆಸೆ ಒಂದೇ. ಒಬ್ಬೊಬ್ಬರೇ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಶುರುಮಾಡಿ, ತಮ್ಮ ಕಥೆ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ನಡೆಯುತ್ತದೆ. ಜನ್ಮವಿಡೀ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸುವುದಿಲ್ಲ. ಇವತ್ತು ಒಂದು ದಿನ ಮೊದಲನೆಯ ಗ್ಲಾಸು ಮುಟ್ಟದಿದ್ದರೆ ಸಾಕು ಎನ್ನುತ್ತಾರೆ. ಆಣೆ ಮುರಿದು ಮುರಿದು ತನ್ನ ಮಾತಿನ ಮೇಲೆ ತನಗೇ ನಂಬಿಕೆ ಹೋಗಿರುವವನಿಗೆ ಈ ಒಂದು ದಿನದ ಲೆಕ್ಕ ಎಷ್ಟು ದೊಡ್ಡ ಬಿಡುಗಡೆ ಎಂದು ಅವನ ಮುಖದಲ್ಲೇ ಕಾಣುತ್ತದೆ. ಮತ್ತೆ ಕುಡಿದು ಬಂದವನನ್ನೂ ಅವರು ಹೊರಗೆ ಹಾಕುವುದಿಲ್ಲ.

ಮನೆಯವರಿಗೂ ಬೇರೆ ಸಭೆ ಇದೆ. ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ 1951ರಲ್ಲಿ ಶುರುಮಾಡಿದ ಅಲ್-ಅನಾನ್ ಕುಡಿಯುವವರ ಹೆಂಡತಿ, ತಾಯಿ, ಗಂಡ, ಮಕ್ಕಳಿಗಾಗಿ ಇರುವ ಸಂಘ. ಗಂಡ ಬಿಡಲಿ ಬಿಡದಿರಲಿ, ಹೆಂಡತಿ ಅಲ್ಲಿಗೆ ಹೋಗಬಹುದು. ವರ್ಷಗಟ್ಟಲೆ ಬಾಟಲಿ ಎಲ್ಲಿ ಬಚ್ಚಿಟ್ಟಿದ್ದಾನೆ ಎಂದು ಹುಡುಕುತ್ತಲೇ ಬದುಕು ಸವೆಸಿದ ಹೆಂಗಸರಿಗೆ ತಮ್ಮ ಬಗ್ಗೆ ಮಾತನಾಡಲು ಅದೊಂದೇ ಜಾಗ.

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ಚರ್ಚಿನ ಕೊಠಡಿ ಎಂದರೆ ಹಿಂಜರಿಯುವ ಹಿಂದೂಗಳಿದ್ದಾರೆ, ಭಜನೆ ಇದೆ ಎಂದರೆ ಹಿಂಜರಿಯುವ ಮುಸ್ಲಿಮರು, ಕ್ರೈಸ್ತರು ಇದ್ದಾರೆ, ದೇವರೆಂದರೆ ಒಲ್ಲೆ ಎನ್ನುವವರೂ ಇದ್ದಾರೆ. ಎ.ಎ. ತನ್ನ ಸದಸ್ಯರ ಮುಂದಿಡುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತಿದೆ, ಆದರೆ ಅವರವರು ಅರಿತಂತೆ ಎಂಬ ಬಿಡುವೂ ಇದೆ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗುರುತು ಸಿಗುತ್ತದೆಂದು ಅಳುಕುವವರು ಪಕ್ಕದ ಪಟ್ಟಣದ ಸಭೆಗೆ ಹೋಗಲಿ. ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು. ಕುಡಿಯುವ ಹೆಂಗಸಿಗೆ ನಮ್ಮ ಸಮಾಜ ರೋಗಿಯೆಂಬ ಕರುಣೆಯನ್ನೂ ಕೊಡುವುದಿಲ್ಲ. ಇಪ್ಪತ್ತು ಗಂಡಸರ ನಡುವೆ ಒಬ್ಬಳೇ ಕೂರಲು ಅವಳಿಗೆ ಆಗುವುದೂ ಇಲ್ಲ. ಕೊರೊನಾ ಕಾಲದಲ್ಲಿ ಫೋನಿನ ಮೇಲೆ ಶುರುವಾದ ಸಭೆಗಳು ಅವರಿಗೆ ಒಂದು ಬಾಗಿಲು ತೆರೆದಿವೆ. ಜಾತಿಯ ಮಾತನ್ನೂ ಆಡಲೇಬೇಕು: ಯಾರ ಭವನದಲ್ಲಿ ಸಭೆ ಎಂಬುದರ ಮೇಲೆ ಯಾರು ಬರುತ್ತಾರೆ ಎಂಬುದು ನಿರ್ಧಾರವಾಗುವ ಹಳ್ಳಿಗಳು ಇನ್ನೂ ಇವೆ. ಎಲ್ಲರೂ ನಿಸ್ಸಂಕೋಚವಾಗಿ ಕಾಲಿಡಬಲ್ಲ ಸರ್ಕಾರಿ ಶಾಲೆ, ಗ್ರಂಥಾಲಯದ ಕೊಠಡಿಗಳೇ ಇದಕ್ಕೆ ಒಳ್ಳೆಯ ಜಾಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂತು ಮಾತನಾಡಿದರೆ ರೋಗ ವಾಸಿಯಾಗುತ್ತದೆಯೇ ಎಂದು ವೈದ್ಯಮಿತ್ರರು ಕೇಳುತ್ತಿದ್ದರು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟುಹಾಕಿ ಪರಿಶೀಲಿಸಿತು. ರೋಗಿಗಳನ್ನು ವ್ಯವಸ್ಥಿತವಾಗಿ ಎ.ಎ. ಸಭೆಗಳಿಗೆ ಜೋಡಿಸುವ ಚಿಕಿತ್ಸೆಯಿಂದ ಪೂರ್ತಿ ಕುಡಿತ ಬಿಟ್ಟು ಉಳಿಯುವವರು ಬೇರೆ ಒಪ್ಪಿತ ಚಿಕಿತ್ಸೆಗಳಿಗಿಂತ ಹೆಚ್ಚು ಎಂದು ಅದು ಕಂಡುಕೊಂಡಿತು. ಇಲ್ಲಿ ‘ಜೋಡಿಸುವ’ ಎಂಬುದನ್ನು ಮರೆಯಬಾರದು. ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು; ಯಾರಾದರೂ ಜೊತೆಗೆ ಕರೆದುಕೊಂಡು ಹೋಗಬೇಕು.

ಇಷ್ಟೆಲ್ಲ ಏಕೆ, ಮದ್ಯವನ್ನೇ ನಿಷೇಧಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಕುಡಿಯುವವರು ಅಗ್ಗದ ವಿಸ್ಕಿ, ರಮ್ಮಿಗೆ ಹೋದರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಆದರೂ ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ ಇತ್ತು. ನಿಷೇಧದ ವಾದ ನಡೆಯಲಿ, ಅದಕ್ಕೆ ಅದರದೇ ವೇದಿಕೆಗಳಿವೆ. ಅದು ಇತ್ಯರ್ಥವಾಗುವವರೆಗೆ ಕಾಯುವಷ್ಟು ಕಾಲ ಆ ಡಿಸ್ಚಾರ್ಜ್ ಚೀಟಿ ಹಿಡಿದವನ ಬಳಿ ಇಲ್ಲ. ಸನ್ನದು ಕೊಡುವ ಇಲಾಖೆ ಪ್ರತಿ ಮದ್ಯದಂಗಡಿಯ ಬಾಗಿಲಲ್ಲಿ, ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ಸಹಾಯವಾಣಿಯ ಸಂಖ್ಯೆಯನ್ನೂ ಹತ್ತಿರದ ಸಭೆಯ ಜಾಗ, ವಾರ, ಸಮಯವನ್ನೂ ಹಾಕಿಸಬೇಕು. ಪ್ರತಿ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯ ಹಿಂಬದಿಯಲ್ಲಿ ಅದನ್ನು ಅಚ್ಚು ಹಾಕಿಸಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ.

ಕೊನೆಯದಾಗಿ ಈ ಸಭಾಂಗಣದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಬೇಡಿಕೆ. ಹಿಂಬದಿಯ ಸಣ್ಣ ಕೊಠಡಿ ಭಾನುವಾರ ಸಂಜೆ ಖಾಲಿ ಇರುತ್ತದೆ ಎಂದು ಕೇಳಿದೆ. ಅದನ್ನು ಕುಡಿತ ಬಿಟ್ಟವರ ಸಭೆಗೆ ಕೊಡಿ, ಹೊರಗಿನ ಸೂಚನಾ ಫಲಕದಲ್ಲಿ ಸಮಯ ಬರೆಯಿರಿ. ಇಪ್ಪತ್ತು ಕುರ್ಚಿ, ಕುಡಿಯುವ ನೀರು, ಬೆಳಕು ಇದ್ದರೆ ಸಾಕು. ಎ.ಎ. ಗುಂಪುಗಳು ಹೊರಗಿನವರಿಂದ ದಾನ ಪಡೆಯುವುದಿಲ್ಲ. ನೀವು ಹೇಳಿದ ಬಾಡಿಗೆಯನ್ನು ಸದಸ್ಯರೇ ಕೂಡಿಸಿ ಕೊಡುತ್ತಾರೆ.